ಚುರ್ ಅಂದದ್ದು ಎಲ್ಲಿ

ಗುಲಫಶಾ ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಜಗಳಗಂಟಿಯಾಗಿದ್ದರೆ, ಗಂಡನ ಗೆಳೆಯರನ್ನು ಕಂಡು ಮುಖ ಸಿಂಡರಿಸುವವಳಾಗಿದ್ದರೆ, ಹೋಗಲಿ, ಸಿನಿಮಾ ನಡುವೆ ಫೋನು ಒತ್ತುತ್ತಾ ಕೂರುವವಳಾಗಿದ್ದರೂ ಸಾಕಿತ್ತು. ಮನಸ್ಸಿನಲ್ಲೇ ಬೈದುಕೊಂಡು ಹಾಯಾಗಿ ಇರುತ್ತಿದ್ದೆ. ಆದರೆ ಅವಳು ಒಳ್ಳೆಯವಳು. ಸಿನಿಮಾವನ್ನು ನನ್ನಷ್ಟೇ ಜೀವ ಇಟ್ಟು ನೋಡುತ್ತಾಳೆ. ಅದಕ್ಕೇ ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಅವಳು ನನ್ನ ಗೆಳೆಯ ಆಫ್ತಾಬನ ಹೆಂಡತಿ. ಆಳಂದದ ಹುಡುಗಿ, ಮದುವೆಯಾಗಿ ಅಫಜಲಪುರಕ್ಕೆ ಬಂದು ಒಂದು ವರ್ಷವಾಯಿತು. ಆಫ್ತಾಬ ಅಲ್ಲಿ ಮೋಟಾರ್ ಅಂಗಡಿ ಇಟ್ಟಿದ್ದಾನೆ. ಹೊಲದಲ್ಲಿ ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಅವನ ಕೆಲಸ. ನಾನು ಗುರುಪಾದ, ಗಾಣಗಾಪುರದ ಒಂದು ಲಾಡ್ಜಿನಲ್ಲಿ ಮ್ಯಾನೇಜರು. ಕಾಲೇಜಿನಿಂದಲೂ ನಾವಿಬ್ಬರು ಜೋಡಿ.

ಗಾಣಗಾಪುರದಲ್ಲಿ ಗುರುವಾರವೆಂದರೆ ದತ್ತನ ವಾರ. ಬುಧವಾರ ಸಂಜೆಯಿಂದಲೇ ಮಹಾರಾಷ್ಟ್ರದ ಗಾಡಿಗಳು ಬಂದು ನಿಲ್ಲುತ್ತವೆ. ಕೋಣೆ ಸಾಲದೆ ಪಡಸಾಲೆಯಲ್ಲೂ ಚಾಪೆ ಹಾಸುತ್ತೇವೆ. ಬಿಸಿನೀರು ಬರಲಿಲ್ಲವೆಂದು ಮರಾಠಿಯಲ್ಲಿ ಬೈಸಿಕೊಳ್ಳುತ್ತೇನೆ. ಶುಕ್ರವಾರ ಬೆಳಿಗ್ಗೆ ಎಲ್ಲರೂ ಖಾಲಿ. ಮಾಳಿಗೆಯ ಮೇಲೆ ಒಣಗುವ ಚಾದರಗಳನ್ನು ಬಿಟ್ಟರೆ ಲಾಡ್ಜಿನಲ್ಲಿ ಏನೂ ಇರುವುದಿಲ್ಲ. ಅತ್ತ ಆಫ್ತಾಬನಿಗೆ ಶುಕ್ರವಾರ ಜುಮ್ಮಾ, ಅಂಗಡಿ ಬಂದ್. ಹೊಸ ಸಿನಿಮಾ ಬರುವುದೂ ಶುಕ್ರವಾರವೇ. ಹೀಗಾಗಿ ಹತ್ತು ವರ್ಷ ನಮ್ಮ ಶುಕ್ರವಾರಗಳು ಒಂದೇ ತರಹ ಇದ್ದವು. ನಮಾಜು ಮುಗಿಸಿ ಅವನು ಬೈಕ್ ಮೇಲೆ ಬರುತ್ತಿದ್ದ. ಗಾಣಗಾಪುರದ ದಾರಿ ಕಲಬುರಗಿ ರಸ್ತೆಗೆ ಸೇರುವ ಚೌಡಾಪುರದಲ್ಲಿ ನಾನು ಕಾದು ನಿಂತಿರುತ್ತಿದ್ದೆ. ಅವನ ಹಿಂದೆ ಕೂತು ಕಲಬುರಗಿಗೆ ಹೋಗಿ, ನಾಲ್ಕರ ಆಟ ನೋಡಿ, ಹೊರಳಿ ಬರುವಾಗ ಚೌಡಾಪುರದ ಹೋಟೆಲಿನಲ್ಲಿ ಮಿರ್ಚಿ ಭಜಿ ತಿಂದು, ಚಹಾ ಕುಡಿದು, ಅಲ್ಲೇ ಬುಕ್ ಬರೆಯುತ್ತಿದ್ದೆವು.

ಬುಕ್ ಎಂದರೆ ನಮ್ಮ ಲಾಡ್ಜಿನ ಹಳೆಯ ರಿಜಿಸ್ಟರ್. ಮಾಲೀಕರು ಹೊಸ ನಮೂನೆ ಅಚ್ಚು ಹಾಕಿಸಿದಾಗ ಬರೆಯದೆ ಉಳಿದದ್ದನ್ನು ನಾನು ತಂದಿಟ್ಟುಕೊಂಡೆ. ಒಳಗೆ ಮೊದಲೇ ಕಾಲಮುಗಳು ಅಚ್ಚಾಗಿದ್ದವು: ಬಂದವರ ಹೆಸರು, ಎಲ್ಲಿಂದ, ಜೊತೆಗಿದ್ದವರು, ಷರಾ. ಬಂದವರ ಹೆಸರಿನ ಕೆಳಗೆ ಸಿನಿಮಾದ ಹೆಸರು ಬರೆದೆವು, ಎಲ್ಲಿಂದ ಎನ್ನುವಲ್ಲಿ ಟಾಕೀಸಿನ ಹೆಸರು. ಜೊತೆಗಿದ್ದವರ ಕಾಲಮಿನಲ್ಲಿ ನಾನು ಆಫ್ತಾಬ ಎಂದು ಬರೆಯುತ್ತಿದ್ದೆ, ಅವನು ಗುರು ಎಂದು ಬರೆಯುತ್ತಿದ್ದ. ಎಡಗಡೆ ಪುಟ ನನ್ನದು, ಬಲಗಡೆ ಪುಟ ಅವನದು.

ಷರಾದಲ್ಲಿ ಬರೆಯುವುದು ಒಂದೇ ಮಾತು. ಸಿನಿಮಾದಲ್ಲಿ ಎಲ್ಲಿ ಕರುಳು ಚುರ್ ಎಂದಿತು, ಆ ಜಾಗ. ಫೈಟು, ಹಾಡು, ಹೀರೋ, ಯಾವುದೂ ಬೇಡ. ಚುರ್ ಅಂದದ್ದು ಎಲ್ಲಿ, ಅಷ್ಟೇ. ಅದನ್ನು ಬರೆಯುವವರೆಗೆ ದಾರಿಯುದ್ದಕ್ಕೂ ಸಿನಿಮಾದ ಮಾತೆತ್ತುವ ಹಾಗಿಲ್ಲ. ಬರೆದವನು ತನ್ನ ಪುಟದ ಮೇಲೆ ಪೇಪರ್ ಮುಚ್ಚಿ ಬುಕ್ಕನ್ನು ಇನ್ನೊಬ್ಬನ ಕಡೆ ಸರಿಸಬೇಕು. ಇಬ್ಬರದೂ ಆದ ಮೇಲೆ ಪೇಪರ್ ತೆಗೆಯುವುದು. ಇಬ್ಬರ ಜಾಗ ಒಂದೇ ಆಗಿದ್ದರೆ ಅದಕ್ಕೆ ಕೂಡಿತು ಎನ್ನುತ್ತಿದ್ದೆವು, ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದೆವು.

ಒಂದು ಸಿನಿಮಾ ಹೇಳುತ್ತೇನೆ. ಅದರಲ್ಲಿ ಮದುವೆ ಅಡುಗೆ ಮಾಡುವವನೊಬ್ಬ. ಹೊಡೆದಾಟ, ಕೋರ್ಟು, ಕೊನೆಗೆ ಸಾವು, ಎಲ್ಲ ಇತ್ತು. ಟಾಕೀಸಿನಲ್ಲಿ ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿಕೊಂಡರು. ನನಗೆ ಚುರ್ ಎಂದದ್ದು ಅಲ್ಲಲ್ಲ. ಅವನು ತನ್ನ ತಂಗಿಯ ಮದುವೆಯಲ್ಲಿ ಒಮ್ಮೆ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾನೆ. ಬಡಿಸುವವರೆಲ್ಲ ಅವನ ಕೈಕೆಳಗಿನವರು. ನಾವು ಹೇಗೆ ಬಡಿಸುತ್ತಿದ್ದೇವೆಂದು ನೋಡಲು ಧಣಿ ಕೂತಿದ್ದಾನೆ ಎಂದುಕೊಂಡು ಅವನ ಎಲೆಯೊಂದನ್ನು ಬಿಟ್ಟು ಮುಂದಕ್ಕೆ ಹೋಗುತ್ತಾರೆ. ಅದನ್ನು ಬರೆದು ಪೇಪರ್ ಮುಚ್ಚಿದೆ. ತೆಗೆದಾಗ ಆಫ್ತಾಬನ ಪುಟದಲ್ಲೂ ಅದೇ ಇತ್ತು: ಎಲೆ ಖಾಲಿ ಉಳಿದದ್ದು. ನಾನು ಹೋಟೆಲಿನಲ್ಲಿ ಎದ್ದು ನಿಂತು ಅವನನ್ನು ಅಪ್ಪಿಕೊಂಡೆ. ಜಗತ್ತಿನಲ್ಲಿ ನನ್ನ ಹಾಗೆ ನೋಡುವವನು ಇನ್ನೊಬ್ಬನಿದ್ದಾನೆ ಎನ್ನುವುದು ಸಣ್ಣ ಮಾತಲ್ಲ. ಲಾಡ್ಜಿನಲ್ಲಿ ವಾರವಿಡೀ ಗುರುತಿಲ್ಲದವರ ಮುಖ ನೋಡುವ ನನಗೆ ಆ ಕೆಂಪು ಗುರುತು ಸಾಕಾಗುತ್ತಿತ್ತು. ಎಲ್ಲ ವಾರ ಕೂಡುತ್ತಿರಲಿಲ್ಲ, ಆದರೆ ಕೂಡದ ವಾರಗಳೇ ಕಡಿಮೆ.

ಹೀಗಿರುವಾಗ ಅವನ ಮದುವೆಯಾಯಿತು. ಮದುವೆಯಲ್ಲಿ ನಾನೇ ಓಡಾಡಿದೆ, ಆಳಂದಕ್ಕೆ ಹೋಗುವ ಗಾಡಿಗಳನ್ನು ನಾನೇ ಗೊತ್ತುಮಾಡಿಕೊಟ್ಟೆ. ಒಂದು ತಿಂಗಳು ಶುಕ್ರವಾರ ಬಿಟ್ಟೆವು, ಅದು ಸಹಜ. ಆಮೇಲೊಂದು ಗುರುವಾರ ಅವನ ಫೋನು ಬಂತು.

"ನಾಳಿ ಅಕಿನೂ ಬರ್ತಾಳಂತ ಲೇ. ಅಕಿಗಿ ಪಿಕ್ಚರ್ ಅಂದ್ರ ಜೀವ."

"ಬರ್ಲಿ ಬಿಡು, ಅದ್ಕೇನಾಯ್ತು," ಎಂದೆ.

ಏನಾಯಿತೆಂದರೆ, ಬೈಕಿನ ಹಿಂದಿನ ಸೀಟು ಹೋಯಿತು. ಚೌಡಾಪುರದಲ್ಲಿ ನಾನು ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಅವರಿಬ್ಬರು ಬೈಕ್ ಮೇಲೆ ಬಂದು, ನಿಂತು, ಕೈ ಮಾಡಿ ಮುಂದೆ ಹೋದರು. ಬಸ್ಸಿನಲ್ಲಿ ಕಬ್ಬಿನ ಕೆಲಸಕ್ಕೆ ಹೊರಟವರ ಗಂಟುಗಳ ನಡುವೆ ನಿಂತುಕೊಂಡು ಹೋದೆ. ಟಾಕೀಸಿನ ಮುಂದೆ ಗುಲಫಶಾ ಮನೆಯಲ್ಲಿ ಕರಿದು ತಂದ ಚುಡುವಾದ ಪೊಟ್ಟಣ ನನ್ನ ಕೈಗಿಟ್ಟಳು.

"ನಿಮ್ಗ ಬಸ್ಸಿನ್ಯಾಗ ತ್ರಾಸ ಆಯ್ತೇನ್ರಿ ಭಾಯಿ? ಮುಂದಿನ ವಾರ ನಾ ಬಸ್ಸಿಗಿ ಬರ್ತೇನಿ, ನೀವಿಬ್ರು ಗಾಡಿ ಮ್ಯಾಲ ಬರ್ರಿ," ಎಂದಳು.

ಹೊಸ ಹೆಣ್ಣುಮಗಳನ್ನು ಬಸ್ಸಿಗೆ ಹತ್ತಿಸಿ ನಾನು ಬೈಕ್ ಮೇಲೆ ಹೋಗಲಿಕ್ಕಾಗುತ್ತದೆಯೇ? "ಇಲ್ರಿ ಭಾಭಿ, ನಂಗ ಬಸ್ಸೇ ಛೊಲೊ," ಎಂದೆ. ನೋಡಿ, ಅವಳ ಒಳ್ಳೆಯತನ ನನ್ನನ್ನು ಹೀಗೆ ಸಿಕ್ಕಿಸಿಹಾಕುತ್ತಿತ್ತು.

ಬುಕ್ಕಿನಲ್ಲಿ ಅವಳಿಗೆ ಜಾಗವಿರಲಿಲ್ಲ. ಎಡಕ್ಕೊಂದು ಪುಟ, ಬಲಕ್ಕೊಂದು ಪುಟ, ಮುಗಿಯಿತು. ಮನೆಯಲ್ಲಿ ಬೇರೆ ವಹಿ ಇಟ್ಟುಕೊಂಡು ಬರೆಯಲಿ ಎಂದು ನಾನು ಲೆಕ್ಕ ಹಾಕಿದ್ದೆ. ಆ ಸಲ ಬುಕ್ಕನ್ನು ಆಫ್ತಾಬ ತನ್ನ ಮನೆಗೆ ಒಯ್ದ, ಮರುವಾರ ತೆರೆದು ತೋರಿಸಿದ. ಖಾಲಿ ಉಳಿದಿದ್ದ ಒಂದೊಂದು ಬಲಪುಟದ ಅಂಚಿಗೂ ಒಂದೊಂದು ಹಾಳೆ ಅಂಟಿಸಿದ್ದ. ಬಿಡಿಸಿದರೆ ಮೂರನೇ ಪುಟ. ಸ್ಕೇಲು ಹಿಡಿದು ಕಾಲಮಿನ ಗೆರೆಗಳನ್ನೂ ಎಳೆದಿದ್ದ. ನನ್ನ ಜೊತೆ ಹತ್ತು ವರ್ಷ ಬರೆದವನು ಒಂದು ದಿನವೂ ಆ ಬುಕ್ಕಿಗೆ ರಟ್ಟು ಹಾಕಿದವನಲ್ಲ. ಈಗ ನೋಡಿದರೆ ಅಂಟು, ಸ್ಕೇಲು, ಗೆರೆ! ಆ ಹಾಳೆ ಮಡಚಿದಾಗ ಅವನ ಪುಟದ ಮೇಲೆ ಅವಳ ಪುಟ ಮಲಗುತ್ತಿತ್ತು, ನನ್ನದು ಈಚೆಗೆ ಒಂಟಿಯಾಗಿ ಉಳಿಯುತ್ತಿತ್ತು. ಜೊತೆಗಿದ್ದವರ ಕಾಲಮಿನಲ್ಲಿ ಅವನು ಬರೆದದ್ದನ್ನೂ ನೋಡಿದೆ: ಗುಲಫಶಾ, ಗುರು. ಮೊದಲು ಅವಳು. ನಾನು ಅಲ್ಪವಿರಾಮದ ಆಚೆಗೆ ಬಿದ್ದಿದ್ದೆ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಕೂಡುವ ವಿಷಯ. ಅವಳು ಬಂದ ಮೂರನೆಯ ವಾರವೋ ನಾಲ್ಕನೆಯ ವಾರವೋ ಪೇಪರ್ ತೆಗೆದಾಗ ಆಫ್ತಾಬನದೂ ಅವಳದೂ ಕೂಡಿತ್ತು, ನನ್ನದು ಬೇರೆ ಇತ್ತು. ಒಮ್ಮೆ ಆಗುತ್ತದೆ ಎಂದುಕೊಂಡೆ. ಮುಂದಿನ ವಾರವೂ ಹಾಗೇ, ಅದರ ಮುಂದಿನ ವಾರವೂ ಹಾಗೇ. ಗುಲಫಶಾ ಕೆಂಪು ಪೆನ್ನು ಹಿಡಿದು ಸಣ್ಣ ಹುಡುಗಿಯ ಹಾಗೆ ಗುರುತು ಹಾಕುತ್ತಿದ್ದಳು.

"ನೋಡ್ರಿ ಭಾಯಿ, ಲಗ್ನಕ್ಕಿಂತ ಮೊದ್ಲು ಒಬ್ರಿಗೊಬ್ರು ಮಾರಿ ಸುದಾ ನೋಡಿಲ್ಲ. ಆದ್ರೂ ಇಬ್ರ ಮನಸ್ಸು ಒಂದೇ ಅದ," ಎನ್ನುತ್ತಿದ್ದಳು.

ಆಫ್ತಾಬ ಭಜಿ ಮುರಿಯುತ್ತಾ ನಗುತ್ತಿದ್ದ. ನಾನೂ ನಗುತ್ತಿದ್ದೆ. ಒಳಗೆ ಬೆಂಕಿ ಬಿದ್ದಿತ್ತು. ಹತ್ತು ವರ್ಷದಲ್ಲಿ ನನ್ನ ಜೊತೆ ಕೂಡಿದ ಮನಸ್ಸು ಹತ್ತು ವಾರದಲ್ಲಿ ಇನ್ನೊಬ್ಬರ ಜೊತೆ ಕೂಡುತ್ತದೆಂದರೆ ಆ ಮನಸ್ಸು ಎಂಥದ್ದು? ರಾತ್ರಿ ಲಾಡ್ಜಿನ ಕೌಂಟರಿನಲ್ಲಿ ಕೂತು ಸಿನಿಮಾವನ್ನು ಮತ್ತೆ ಮತ್ತೆ ನೆನೆಯುತ್ತಿದ್ದೆ. ನಾನೆಲ್ಲಿ ತಪ್ಪಿದೆ, ನನ್ನ ಕಣ್ಣಿಗೆ ಏನಾಯಿತು ಎಂದು ತಲೆ ಕೆಡಿಸಿಕೊಳ್ಳುತ್ತಿದ್ದೆ.

ನನ್ನ ತಾಯಿ ಗೌರಾಬಾಯಿಗೆ ನನ್ನ ಮುಖ ನೋಡಿದರೆ ಸಾಕು, ಎಲ್ಲ ತಿಳಿಯುತ್ತದೆ. "ಅವಂದು ಲಗ್ನ ಆಯ್ತು, ನಿಂದು ಆಗಿಲ್ಲ, ಅದ್ಕೇ ಈ ಸಿಟ್ಟು," ಎಂದು ಜೇವರ್ಗಿಗೆ ಹೆಣ್ಣು ನೋಡಲು ಎಳೆದುಕೊಂಡು ಹೋದಳು. ಹುಡುಗಿಯ ಹೆಸರು ವಿದ್ಯಾವತಿ. ಅವಲಕ್ಕಿ ತಂದಿಟ್ಟು ತಲೆ ತಗ್ಗಿಸಿ ಕೂತಳು. ಏನಾದರೂ ಕೇಳಪ್ಪ ಎಂದು ಅವರ ಮನೆಯ ಹಿರಿಯರೊಬ್ಬರು ಹೇಳಿದಾಗ ನಾನು, ನೀವು ಕೊನೆಗೆ ನೋಡಿದ ಸಿನಿಮಾದಲ್ಲಿ ಎಲ್ಲಿ ಚುರ್ ಅಂತು ಎಂದು ಕೇಳಿಬಿಟ್ಟೆ. ಹುಡುಗಿ ಗಾಬರಿಯಾಗಿ ತಂದೆಯ ಮುಖ ನೋಡಿದಳು. ದಾರಿಯಲ್ಲಿ ಅವ್ವ ನನ್ನ ಮಾನ ಕಳೆದಳು. ನನಗೆ ಬೇಕಾದದ್ದು ಹೆಂಡತಿಯಲ್ಲ, ನನ್ನ ಗೆಳೆಯ ನನಗೆ ವಾಪಸು ಬೇಕು ಎಂದು ಅವಳಿಗೆ ಹೇಗೆ ಹೇಳುವುದು?

ಆಮೇಲೆ ನನಗೊಂದು ಗುಮಾನಿ ಬಂತು. ಟಾಕೀಸಿನಲ್ಲಿ ಒಂದು ತುದಿಗೆ ಗುಲಫಶಾ, ನಡುವೆ ಆಫ್ತಾಬ, ಈಚೆ ತುದಿಗೆ ನಾನು ಕೂರುತ್ತಿದ್ದೆವು. ಇವರಿಬ್ಬರು ಕತ್ತಲಲ್ಲಿ ಮೊಣಕೈ ತಿವಿದು ಸನ್ನೆ ಮಾಡುತ್ತಿರಬೇಕು. ಇಲ್ಲದಿದ್ದರೆ ಹೀಗೆ ಮೇಲಿಂದ ಮೇಲೆ ಕೂಡಲು ಸಾಧ್ಯವೇ ಇಲ್ಲ. ನನ್ನ ಆಟ ನನಗೇ ಗೊತ್ತಿಲ್ಲವೇ? ಮುಂದಿನ ಶುಕ್ರವಾರ ನಾನು ಬೇಕೆಂದೇ ಮೊದಲು ಒಳಗೆ ನುಗ್ಗಿ ನಡುವಿನ ಸೀಟಿನಲ್ಲಿ ಕೂತೆ.

ಆಫ್ತಾಬ ನಿಂತೇ ನೋಡಿದ. "ಅಲ್ಯಾಕ ಕುಂತಿ ಲೇ?"

"ಕಣ್ಣಿಗಿ ತ್ರಾಸ ಆಗ್ಯಾದ. ನಡುವ ಕುಂತ್ರ ಛಂದ ಕಾಣ್ತದ."

ಗಂಡಹೆಂಡಿರ ನಡುವೆ ಹೀಗೆ ಕೂತದ್ದು ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಚುಡುವಾದ ಪೊಟ್ಟಣ ನನ್ನ ತೊಡೆಯ ಮೇಲಿಂದ ಆಚೆಗೂ ಈಚೆಗೂ ಓಡಾಡಿತು. ಆಫ್ತಾಬ ಕೂತಲ್ಲಿ ಕೂರಲಿಲ್ಲ. ಮುಂದಕ್ಕೆ ಬಾಗುತ್ತಿದ್ದ, ಹಿಂದಕ್ಕೆ ಒರಗುತ್ತಿದ್ದ, ಏನಾಯಿತೆಂದರೆ ಬೆನ್ನು ಹಿಡಿದಿದೆ ಎಂದ. ಆ ದಿನ ಚೌಡಾಪುರದಲ್ಲಿ ಪೇಪರ್ ತೆಗೆದರೆ ಮೂವರದೂ ಬೇರೆ ಬೇರೆ! ಅವಳು ಬರೆದದ್ದು, ರೌಡಿ ಪೊಲೀಸರಿಗೆ ಶರಣಾಗುವ ಮೊದಲು ಕ್ಷೌರದಂಗಡಿಗೆ ಹೋಗಿ ಗಡ್ಡ ಮಾಡಿಸಿಕೊಂಡದ್ದು. ಅವನು ಬರೆದದ್ದು, ಹೀರೋ ತಾಯಿ ಸತ್ತದ್ದು. ಹೀರೋ ತಾಯಿ ಸತ್ತದ್ದು! ಅದು ಸಿನಿಮಾ ನೋಡದವನೂ ಬರೆಯಬಹುದಾದ ಮಾತು. ಗುಲಫಶಾಳ ಮುಖ ಸಣ್ಣದಾಯಿತು. ನಾನು ಒಂದು ಪ್ಲೇಟು ಭಜಿ ಹೆಚ್ಚಿಗೆ ತರಿಸಿ ತಿಂದೆ. ಅಷ್ಟು ರುಚಿಯಾದ ಭಜಿಯನ್ನು ನಾನು ಬಹಳ ದಿನದಿಂದ ತಿಂದಿರಲಿಲ್ಲ.

ಇನ್ನು ಉಳಿದದ್ದು ಕಳ್ಳತನ ಕಣ್ಣಾರೆ ಹಿಡಿಯುವುದು. ಮರುವಾರ ಸುಮ್ಮನೆ ನನ್ನ ತುದಿಯ ಸೀಟಿನಲ್ಲಿ ಕೂತೆ, ಎಂದಿನ ಹಾಗೆ ಅವನು ನಡುವೆ. ದೀಪ ಆರಿದ ಮೇಲೆ ಪರದೆಯ ಕಡೆ ನೋಡುವುದು ಬಿಟ್ಟು ಅವನನ್ನೇ ನೋಡುತ್ತಾ ಕೂತೆ. ಮೊಣಕೈ ಅಲುಗಾಡಲಿಲ್ಲ. ಕೈ ಕೈ ಮುಟ್ಟಲಿಲ್ಲ. ಅವಳಂತೂ ಬಾಯಿ ಅರ್ಧ ತೆರೆದು ಸಿನಿಮಾದೊಳಗೇ ಇದ್ದಳು. ಆದರೆ ಆಫ್ತಾಬ ಪರದೆ ನೋಡುತ್ತಿರಲಿಲ್ಲ. ನನ್ನ ಕಡೆಗೆ ಅವನ ತಲೆಯ ಹಿಂಭಾಗವಿತ್ತು. ಅವನು ಅವಳ ಮುಖ ನೋಡುತ್ತಿದ್ದ. ಒಂದೆರಡು ಸಲ ಅಲ್ಲ, ಪೂರ್ತಿ ಸಿನಿಮಾ. ಅವಳು ನಕ್ಕರೆ ನಗುತ್ತಿದ್ದ. ಒಂದು ಕಡೆ ಅವಳು ದುಪಟ್ಟಾದ ತುದಿ ಮೂಗಿಗೆ ಒತ್ತಿಕೊಂಡಳು. ಆಗ ಅವನು ಗಕ್ಕನೆ ಪರದೆಯ ಕಡೆ ತಿರುಗಿ, ಅಲ್ಲಿ ಏನು ನಡೆದಿದೆ ಎಂದು ನೋಡಿಕೊಂಡು, ಮತ್ತೆ ಅವಳ ಕಡೆ ಹೊರಳಿದ. ಚೌಡಾಪುರದಲ್ಲಿ ಅವರಿಬ್ಬರದೂ ಕೂಡಿತು. ನನ್ನ ಷರಾ ಖಾಲಿ. ತಲೆನೋವು ಎಂದು ಹೇಳಿದೆ.

ಸಿಕ್ಕಿಬಿದ್ದನಲ್ಲ ಮಗ! ಮೂರು ದಿನ ಕುದ್ದೆ. ಸೋಮವಾರ ಲಾಡ್ಜನ್ನು ಬೇರೆಯವರಿಗೆ ಒಪ್ಪಿಸಿ ಅಫಜಲಪುರಕ್ಕೆ ಹೋದೆ. ಆಫ್ತಾಬ ಅಂಗಡಿಯ ಬಾಗಿಲಲ್ಲಿ ಗೋಣಿಚೀಲದ ಮೇಲೆ ಕೂತು ಅತನೂರಿನ ಯಾರದೋ ಮೋಟಾರಿಗೆ ತಂತಿ ಸುತ್ತುತ್ತಿದ್ದ. ವಾರ್ನಿಷಿನ ವಾಸನೆ ಗಮ್ಮೆನ್ನುತ್ತಿತ್ತು.

"ನೀ ಕಾಪಿ ಹೊಡ್ಯಾಕತ್ತಿದಿ," ಎಂದೆ, ಚಪ್ಪಲಿ ಬಿಡುವ ಮೊದಲೇ.

"ಏನ್ ಕಾಪಿ?"

"ಭಾಭಿ ಮಾರಿ ನೋಡಿ ಚುರ್ ಬರ್ಯಾಕತ್ತಿದಿ. ನಾ ಕಣ್ಣಾರೆ ನೋಡೇನಿ. ನೀ ಪಿಕ್ಚರೇ ನೋಡಂಗಿಲ್ಲ."

ಅವನು ನಾಚಿಕೊಳ್ಳುತ್ತಾನೆ, ಇಲ್ಲವೆ ಸಿಟ್ಟಿಗೇಳುತ್ತಾನೆ ಎಂದುಕೊಂಡಿದ್ದೆ. ಅವನು ತಂತಿ ಬಿಡದೆ ನಕ್ಕ.

"ಹೌದು. ಅದ್ರಾಗೇನದ?"

"ಅದ್ರಾಗೇನದ ಅಂದ್ರ? ಅದು ಮೋಸ ಅಲ್ಲೇನ್ಲೇ? ಅಕಿ ಪಾಪ, ಇಬ್ರ ಮನಸ್ಸು ಒಂದೇ ಅಂತ ಕುಣ್ಯಾಕತ್ಯಾಳ. ನನ್ ಜೋಡಿ ಇಷ್ಟು ವರ್ಷ ನೀ ಹಿಂಗ ಮಾಡಿಲ್ಲ."

ಆಗ ಅವನು ಕೈ ನಿಲ್ಲಿಸಿದ. ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ.

"ಗುರು, ನಿಂಗ ಖರೇನೇ ಗೊತ್ತಿಲ್ಲೇನು?"

"ಏನು?"

"ನಂಗ ಪಿಕ್ಚರ್ ತಿಳಿಯಂಗಿಲ್ಲೋ ಮಾರಾಯ. ಕಾಲೇಜಿನ್ಯಾಗೂ ತಿಳೀತಿರ್ಲಿಲ್ಲ, ಈಗೂ ತಿಳಿಯಂಗಿಲ್ಲ. ಲೈಟ್ ಹೋದ್ರ ನಂಗ ನಿದ್ದಿ ಬರ್ತದ. ನೀ ಆ ಬುಕ್ ತಂದಿ, ಚುರ್ ಅಂದದ್ದು ಬರಿ ಅಂದಿ. ನಾ ಏನ್ ಬರೀಲಿ? ನೀ ಎಲ್ಲಿ ಸೊರ್ ಅಂತ ಮೂಗು ಏರ್ಸಿದಿ ಅದನ್ನೇ ಬರ್ದೆ. ಕೂಡ್ತು. ನೀ ಅವತ್ತ ಹೋಟೆಲ್ದಾಗ ಹೆಂಗ ಮಾಡ್ದಿ ನೆನಪದ ಏನು? ಅವತ್ತಿನಿಂದ ನಿನ್ ಮಾರಿ ನೋಡ್ಕೋತ ಕುಂತೆ."

"ಹತ್ತು ವರ್ಷನೂ?" ಎಂದೆ.

"ಹತ್ತು ವರ್ಷನೂ. ಆ ಅಡಗಿ ಮಾಡಂವನ ಪಿಕ್ಚರ್ ಇತ್ತಲ್ಲ, ಅದ್ರ ಕತಿ ಏನಂತ ಇವತ್ತಿಗೂ ನಂಗ ಗೊತ್ತಿಲ್ಲ. ನಿನ್ ಮಾರಿ ಮಾತ್ರ ನೆನಪದ." ಅವನು ಮತ್ತೆ ತಂತಿ ಹಿಡಿದ. "ನಿನ್ ಮಾರಿ ನೋಡಿದ್ರ ಪಿಕ್ಚರ್ ನೋಡಿದಂಗೇ ಇರ್ತಿತ್ತು ಬಿಡು. ಛೊಲೊ ಟೈಮ್ ಹೋಗ್ತಿತ್ತು."

"ಮತ್ತ ಈಗ?"

"ಈಗ ಅಕಿ ಕಡಿ ನೋಡ್ತೇನಿ. ಒಮ್ಮಿಗೇ ಎರಡೂ ಕಡಿ ಹೆಂಗ ನೋಡ್ಲಿ ಲೇ, ನಂಗೇನ್ ನಾಕ್ ಕಣ್ಣವ ಏನು?"

ನಾನು ಅಂಗಡಿಯ ಕಂಬಕ್ಕೆ ಒರಗಿ ನಿಂತೆ. ಚಹಾ ತರಿಸುತ್ತೇನೆ ಎಂದ, ಬೇಡವೆಂದೆ. ಹೊರಡುವಾಗ ಅವನು ದನಿ ತಗ್ಗಿಸಿ ಹೇಳಿದ: "ಅಕಿಗಿ ಹೇಳಬ್ಯಾಡ. ಭಾಳ ಖುಷಿಲೆ ಗುರುತು ಹಾಕ್ತಾಳ."

ಬಸ್ಸಿನಲ್ಲಿ ಕೂತ ಮೇಲೆ ಸಿಟ್ಟು ಬಂತು. ಒಂದು ಕಡೆ, ನನ್ನ ಜೊತೆ ಕೂಡಿದ್ದೆಂದು ನಾನು ಎದೆಗೊತ್ತಿಕೊಂಡು ಬಂದದ್ದು ಯಾವುದೂ ಕೂಡಿದ್ದಲ್ಲ. ನನ್ನ ಹಾಗೆ ನೋಡುವವನು ಇನ್ನೊಬ್ಬ ಇರಲೇ ಇಲ್ಲ. ಇನ್ನೊಂದು ಕಡೆ, ಹತ್ತು ವರ್ಷ ಪ್ರತಿ ಶುಕ್ರವಾರ ಕತ್ತಲಲ್ಲಿ ಒಬ್ಬ ಮನುಷ್ಯ ನನ್ನ ಮುಖ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ನನ್ನನ್ನು ಹಾಗೆ ಯಾರು ನೋಡುತ್ತಾರೆ? ಲಾಡ್ಜಿಗೆ ಬಂದವರು ಬೀಗದ ಕೈ ನೋಡುತ್ತಾರೆ. ಜೇವರ್ಗಿಯ ಹುಡುಗಿ ನೆಲ ನೋಡಿದಳು. ಅವ್ವ ನೋಡುತ್ತಾಳೆ, ಆದರೆ ಅವಳು ತಾಯಿ. ಅಷ್ಟು ದೊಡ್ಡದು ನನ್ನ ಹತ್ತಿರ ಇದ್ದಾಗ ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗುವ ಹೊತ್ತಿಗೆ ಅದು ಗುಲಫಶಾಳ ಪಾಲಾಗಿತ್ತು. ಇಷ್ಟು ದಿನ ಅವಳ ಕೆಂಪು ಗುರುತು ಕಂಡು ಉರಿದುಕೊಂಡಿದ್ದೆ. ಈಗ ಉರಿಯಲು ಬೇರೆಯದೇ ಸಿಕ್ಕಿತು.

ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಂಡೆ. ಶುಕ್ರವಾರ ಚೌಡಾಪುರದಲ್ಲಿ, ಭಜಿಯ ಪ್ಲೇಟಿನ ಮುಂದೆ, ಅವಳು ಪೆನ್ನಿನ ಟೋಪಿ ತೆಗೆಯುವಾಗ ಹೇಳುವುದು: ಭಾಭಿ, ನಿಮ್ಮ ಗಂಡ ಸಿನಿಮಾ ನೋಡುವುದೇ ಇಲ್ಲ, ನಿಮ್ಮ ಮುಖ ನೋಡಿ ಬರೆಯುತ್ತಾನೆ. ಅವಳ ಮುಖ ಸಣ್ಣದಾಗಬೇಕು. ನನಗಾದದ್ದು ಅವಳಿಗೂ ಒಂದಿಷ್ಟು ಆಗಲಿ. ಆ ಮಾತನ್ನು ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡೆನೆಂದರೆ ಗುರುವಾರದ ಗದ್ದಲದಲ್ಲಿ ಒಬ್ಬ ಯಾತ್ರಿಕನಿಗೆ ಕೋಣೆಯ ಕೀಲಿ ಕೊಡುವ ಬದಲು ನನ್ನ ಪೆನ್ನು ಕೊಟ್ಟು ಕಳಿಸಿದ್ದೆ.

ಶುಕ್ರವಾರದ ಸಿನಿಮಾ ಅಣ್ಣತಮ್ಮಂದಿರದು. ದಾಯಾದಿ ಜಗಳ, ನಡುಮನೆಗೆ ಗೋಡೆ, ಮಾತು ಬಿಟ್ಟು ಎಷ್ಟೋ ವರ್ಷ. ಇಂಥವನ್ನು ಎಷ್ಟು ನೋಡಿಲ್ಲ ಎಂದು ಕೈ ಕಟ್ಟಿ ಕೂತೆ. ಬಲಗೈ ಮುರಿದು ತಮ್ಮ ಆಸ್ಪತ್ರೆಗೆ ಸೇರುತ್ತಾನೆ. ಆಸ್ತಿ ಪಾಲಾದ ವಾಟ್ನಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಅಣ್ಣ ಅಲ್ಲಿಗೆ ಬರುತ್ತಾನೆ. ತಮ್ಮ ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿರುತ್ತಾನೆ. ಅಣ್ಣ ಸ್ವಲ್ಪ ಹೊತ್ತು ನೋಡಿ, ಕಾಗದಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮುಂದೆ ಬಂದು ಒಂದೊಂದೇ ಗುಂಡಿ ಹಾಕತೊಡಗುತ್ತಾನೆ. ಒಂದು ಮಾತಿಲ್ಲ. ಕೊರಳ ಗುಂಡಿಗೆ ಬಂದಾಗ ತಮ್ಮ, ಮೀಸೆ ನರೆತ ಆ ಗಂಡಸು, ಸಣ್ಣವನಿದ್ದಾಗ ಮಾಡುತ್ತಿದ್ದ ಹಾಗೆ ಗದ್ದ ಮೇಲೆತ್ತಿ ಕೊಡುತ್ತಾನೆ.

ನನಗೆ ತಡೆಯಲಾಗಲಿಲ್ಲ. ಅಂದುಕೊಂಡದ್ದು, ಸೇಡು, ಸಿಟ್ಟು ಎಲ್ಲ ಮರೆತು ಅತ್ತೆ. ಮೂಗು ಏರಿಸಿದೆ, ಸಪ್ಪಳ ಬರುವ ಹಾಗೆಯೇ ಏರಿಸಿದೆ. ಹಾಗೆಯೇ ತಿರುಗಿ ನೋಡಿದೆ. ಆಫ್ತಾಬನ ತಲೆಯ ಹಿಂಭಾಗ ಕಂಡಿತು. ಅದರಾಚೆ ಗುಲಫಶಾ ದುಪಟ್ಟಾವನ್ನು ಎರಡೂ ಕಣ್ಣಿಗೆ ಒತ್ತಿಕೊಂಡಿದ್ದಳು.

ಚೌಡಾಪುರಕ್ಕೆ ಬಸ್ಸಿಳಿದು ಹೋಗುವಷ್ಟರಲ್ಲಿ ಅವರು ಭಜಿ ಹೇಳಿಯಾಗಿತ್ತು. ಮೊದಲು ನಾನು ಬರೆದೆ, ಪೇಪರ್ ಮುಚ್ಚಿದೆ. ಆಮೇಲೆ ಆಫ್ತಾಬ, ಕೊನೆಗೆ ಅವಳು. ಪೇಪರ್ ತೆಗೆದವಳು ಗುಲಫಶಾ. ನನ್ನ ಪುಟದಲ್ಲಿ: ಗದ್ದ ಎತ್ತಿದ್ದು. ಅವಳ ಹಾಳೆಯಲ್ಲಿ: ಕೊರಳ ಗುಂಡಿ ಹಾಕುವಾಗ ತಮ್ಮ ಗದ್ದ ಎತ್ತಿದ್ದು. ನಡುವೆ, ಆಫ್ತಾಬನ ಪುಟದಲ್ಲಿ: ಅಣ್ಣ ಗುಂಡಿ ಹಾಕಿದ್ದು.

"ಅಯ್ಯ! ಮೂರೂ ಮಂದಿದು ಕೂಡ್ತು!" ಗುಲಫಶಾಳ ದನಿಗೆ ಪಕ್ಕದ ಮೇಜಿನವರು ತಿರುಗಿ ನೋಡಿದರು. "ಭಾಯಿ, ಈ ಸಲ ನೀವೂ ನಮ್ ಜೋಡಿ ಬಂದ್ರಿ ನೋಡ್ರಿ! ನಂಗ ಪ್ರತಿ ವಾರ ಮನಸ್ಸಿಗಿ ಹೆಂಗರ ಆಗ್ತಿತ್ತು, ಗುರುಪಾದ ಭಾಯಿದೊಂದೇ ಬ್ಯಾರೆ ಉಳೀತದಲ್ಲ ಅಂತ. ಇವತ್ತ ಗುರುತು ನೀವೇ ಹಾಕ್ಬೇಕು."

ಕೆಂಪು ಪೆನ್ನನ್ನು ನನ್ನ ಕೈಗಿಟ್ಟಳು. ಮಾತು ನಾಲಿಗೆಯ ತುದಿಯಲ್ಲಿತ್ತು. "ಭಾಭಿ," ಎಂದೆ. ಆಫ್ತಾಬನ ಕೈಯಲ್ಲಿದ್ದ ಚಹಾದ ಬಟ್ಟಲು ಅಲ್ಲೇ ನಿಂತಿತು.

"ಹೇಳ್ರಿ ಭಾಯಿ."

ಏನು ಹೇಳಲಿ? ನಿನ್ನ ಗಂಡ ನಿನ್ನ ಮುಖವನ್ನೇ ನೋಡುತ್ತಾನೆ ಎಂದು ಹೇಳಿದರೆ ಯಾವ ಹೆಂಗಸಿನ ಮುಖ ಸಣ್ಣದಾಗುತ್ತದೆ? ಅವಳು ಮೂರು ದಿನ ನೆಲದ ಮೇಲೆ ಕಾಲಿಡುತ್ತಿರಲಿಲ್ಲ. ಆ ಸುಖವನ್ನು ನನ್ನ ಕೈಯಾರೆ ಅವಳಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಅವಳಿಗೆ ಗೊತ್ತಾಗುವುದೇ ಬೇಡ. ನನಗೂ ಗೊತ್ತಿರಲಿಲ್ಲವಲ್ಲ.

"ಏನಿಲ್ರಿ. ಭಜಿ ಆರಾಕತ್ಯಾವ, ತಿನ್ರಿ," ಎಂದೆ.

ಬುಕ್ಕನ್ನು ನನ್ನ ಕಡೆ ಎಳೆದುಕೊಂಡು ಗುರುತು ಹಾಕಿದೆ. ನನ್ನ ಪುಟಕ್ಕೊಂದು, ಅವಳ ಹಾಳೆಗೊಂದು, ಅವನ ಪುಟಕ್ಕೊಂದು. ಅದೇ ಗಳಿಗೆಗೆ ಅವನ ಎಡಕ್ಕೂ ಬಲಕ್ಕೂ ಇಬ್ಬರು ಅತ್ತಿದ್ದರು. ಅವನು ಬರೆದದ್ದು ಒಂದೇ ಮುಖ ನೋಡಿ. ಯಾವ ಮುಖ ಎಂದು ಆ ಬುಕ್ಕಿನಲ್ಲಿ ಎಲ್ಲಿಯೂ ಬರೆದಿಲ್ಲ.

ಗುಲಫಶಾ ಮೂರೂ ಗುರುತುಗಳನ್ನು ಬೆರಳಿನಿಂದ ಮುಟ್ಟಿ ನೋಡಿ ನಕ್ಕಳು. ನಾನು ತಲೆಯೆತ್ತಿದೆ. ಹೇಳದೆ ಉಳಿದದ್ದಕ್ಕೆ ಆಫ್ತಾಬ ಒಮ್ಮೆಯಾದರೂ ನನ್ನ ಕಡೆ ನೋಡುತ್ತಾನೆ ಎಂದು ಕಾದೆ. ಅವನು ಅವಳು ನಗುವುದನ್ನು ನೋಡುತ್ತಿದ್ದ.